ಚೆನ್ನಾಗಿ ಸತ್ತವನ ಹೆಂಡತಿ

ಇಸ್ತ್ರಿ ಅಂಗಡಿಯವಳ ಗಂಡ ಸಿನಿಮಾದಲ್ಲಿ ಸತ್ತ ಮೇಲೆ ಊರಿನ ಕರವಸ್ತ್ರಗಳೆಲ್ಲ ಅವಳ ಮೇಜಿಗೆ ಬಂದು ಬೀಳತೊಡಗಿದವು. ಮೊದಲು ಒಂದು ಗಂಟು ಅಂಗಿ ಪ್ಯಾಂಟುಗಳಲ್ಲಿ ಒಂದೋ ಎರಡೋ ಕರವಸ್ತ್ರ ಇರುತ್ತಿದ್ದವು. ಈಗ ಕರವಸ್ತ್ರಗಳದ್ದೇ ಬೇರೆ ಗಂಟು. ಹಿಂಡಿ ಹಿಂಡಿ ಮೂಲೆಗಳೆಲ್ಲ ಮುದುಡಿಹೋಗಿರುತ್ತಿದ್ದವು. ಅವುಗಳ ಮೇಲೆ ನೀರು ಚಿಮುಕಿಸಿ ಇಸ್ತ್ರಿ ಒತ್ತುವಾಗ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ನಿಮ್ಮ ಗಂಡನಿಗಾಗಿ ಊರೆಲ್ಲ ಅತ್ತು, ಆ ಅಳುವನ್ನು ನಾಲ್ಕು ಮಡಿಕೆ ಮಾಡಿಕೊಡಿ ಎಂದು ನಿಮ್ಮ ಕೈಗೇ ಕೊಟ್ಟರೆ ನಿಮಗಾದರೂ ಹೇಗನ್ನಿಸುತ್ತದೆ?

ಗಂಡನೇನೂ ನಿಜವಾಗಿ ಸತ್ತಿರಲಿಲ್ಲ. ಪಕ್ಕದ ಅಂಗಡಿಯಲ್ಲೇ, ಒಂದು ಹಲಗೆ ಗೋಡೆಯ ಆಚೆ, ಗಡಿಯಾರ ರಿಪೇರಿ ಮಾಡುತ್ತ ಗಟ್ಟಿಮುಟ್ಟಾಗಿ ಕೂತಿದ್ದ.

ನಡೆದದ್ದು ಇಷ್ಟು. ಒಬ್ಬ ಸಿನಿಮಾ ನಿರ್ದೇಶಕ ನಿಂತುಹೋದ ಕೈಗಡಿಯಾರ ಹಿಡಿದುಕೊಂಡು ಗಂಡನ ಅಂಗಡಿಗೆ ಬಂದ. ಗಡಿಯಾರದ ಕೆಲಸದಲ್ಲಿ ಉಸಿರಾಟಕ್ಕೆ ಹೆಚ್ಚು ಜಾಗವಿಲ್ಲ. ಒಳಗಿನ ತಿರುಪುಗಳು ಎಷ್ಟು ಚಿಕ್ಕವೆಂದರೆ, ಬಾಯಿ ತೆರೆದು ‘ಹಾಂ’ ಎಂದರೆ ಸಾಕು, ಹಾರಿಹೋಗಿ ನೆಲ ಸೇರುತ್ತವೆ. ಆಮೇಲೆ ಮೊಣಕಾಲೂರಿ ಇಡೀ ಅಂಗಡಿ ತಡಕಾಡಬೇಕು. ಹಾಗಾಗಿ ಚಿಮಟ ಕೈಗೆ ಬಂತೆಂದರೆ ಉಸಿರು ಬಿಗಿಹಿಡಿಯುವುದು ಅವನಿಗೆ ರೂಢಿ. ಮುಖವೂ ಅಲುಗುವುದಿಲ್ಲ, ಎದೆಯೂ ಏಳುವುದಿಲ್ಲ. ನಿರ್ದೇಶಕ ನೋಡಿದ, ನೋಡಿದ, ಕೊನೆಗೆ ಹೆದರಿ ಇತ್ತ ಓಡಿಬಂದು, ನಿಮ್ಮ ಪಕ್ಕದಂಗಡಿಯವರಿಗೆ ಏನೋ ಆಗಿಹೋಗಿದೆ ಬನ್ನಿ ಎಂದು ಅವಳನ್ನೇ ಕರೆದ. ಅವಳು ತಲೆ ಎತ್ತದೆ, ಏನೂ ಆಗಿಲ್ಲ, ನಿಮ್ಮ ವಾಚಿನ ಕೆಲಸ ಆಗುತ್ತಿದೆ ಎಂದಳು. ಆಗ ನಿರ್ದೇಶಕನ ಮುಖ ಅರಳಿದ್ದನ್ನು ಅವಳು ಕಂಡಳು. ಯಾಕೆಂದು ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ, ಕಾದ ಇಸ್ತ್ರಿಪೆಟ್ಟಿಗೆ ಕೈಯಲ್ಲೇ ಇತ್ತು.

ಆ ನಿರ್ದೇಶಕ ಎಷ್ಟೋ ತಿಂಗಳಿಂದ ಒಂದು ಹೆಣಕ್ಕಾಗಿ ಅಲೆಯುತ್ತಿದ್ದನಂತೆ. ಅವನ ಸಿನಿಮಾದಲ್ಲಿ ಅಪ್ಪನ ಮೇಲೆ ಮುನಿಸಿಕೊಂಡು ಮನೆ ಬಿಟ್ಟ ಮಗಳು, ಅಪ್ಪ ಸತ್ತ ಮೇಲೆ ಬಂದು, ಹೆಣದ ಪಕ್ಕ ಕೂತು, ಹೇಳದೆ ಉಳಿಸಿಕೊಂಡಿದ್ದನ್ನೆಲ್ಲ ಹೇಳಿಕೊಳ್ಳುತ್ತಾಳೆ. ಅಷ್ಟು ಹೊತ್ತೂ ಕ್ಯಾಮೆರಾ ಅಪ್ಪನ ಮುಖ ಬಿಟ್ಟು ಕದಲುವುದಿಲ್ಲ. ಎಂಥೆಂಥ ನಟರನ್ನು ಮಲಗಿಸಿ ನೋಡಿದರೂ ಒಬ್ಬನ ರೆಪ್ಪೆ ಅದುರುತ್ತಿತ್ತು, ಇನ್ನೊಬ್ಬನ ಹೊಟ್ಟೆ ಏರಿಳಿಯುತ್ತಿತ್ತು, ಮತ್ತೊಬ್ಬ ಗೊರಕೆ ಹೊಡೆದನಂತೆ. ಗಡಿಯಾರದವನು ಮಲಗಿದ, ಒಂದೇ ಸಲಕ್ಕೆ ಸತ್ತ, ಬಟ್ಟೆ ಬದಲಿಸಿಕೊಂಡು ಮನೆಗೆ ಬಂದು ಊಟ ಮಾಡಿದ.

ಸಿನಿಮಾ ಬಿಡುಗಡೆಯಾಯಿತು. ಊರು ಹುಚ್ಚೆದ್ದಿತು. ಇಷ್ಟು ಜೀವಕಳೆಯಿರುವ ಸಾವನ್ನು ತೆರೆಯ ಮೇಲೆ ಕಂಡಿರಲಿಲ್ಲ ಎಂದು ಪತ್ರಿಕೆಯ ವಿಮರ್ಶಕ ಬರೆದ. ಯಾವ ಸಿನಿಮಾವನ್ನೂ ಮೆಚ್ಚದೆ, ಮೆಚ್ಚದಿರುವುದನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದ ಆಸಾಮಿ ಆತ. ಅವನೇ ಅತ್ತ ಮೇಲೆ ಉಳಿದವರಿಗೆ ಕೇಳಬೇಕೆ? ನೀರಿನ ಟ್ಯಾಂಕಿಗಾಗಿ ಜುಟ್ಟು ಹಿಡಿದು ಜಗಳವಾಡುತ್ತಿದ್ದ ಮೇಲಿನ ಮನೆಯವರೂ ಕೆಳಗಿನ ಮನೆಯವರೂ ಅಕ್ಕಪಕ್ಕ ಕೂತು ಅತ್ತರು. ಒಂದು ಸಲ ನೋಡಿದವರು ಎರಡನೇ ಸಲ ಹೋದರು. ಎರಡನೇ ಸಲ ಹೋಗದವರನ್ನು ಜನ ಅನುಮಾನದಿಂದ ನೋಡತೊಡಗಿದರು.

ಇಸ್ತ್ರಿಯವಳಿಗೆ ಮಾತ್ರ ಸಿನಿಮಾ ಹಿಡಿಸಲಿಲ್ಲ. ಹಿಡಿಸಲಿಲ್ಲ ಎಂದರೆ ಸ್ವಲ್ಪವೂ ಹಿಡಿಸಲಿಲ್ಲ. ಅಪ್ಪ ಸತ್ತ ಸೀನು ಬಂದೊಡನೆ ಎದ್ದು ಹೊರಗೆ ಹೋಗಿ ಎರಡು ಲೋಟ ನೀರು ಕುಡಿದು, ಪೋಸ್ಟರಿಗೆ ಬೆನ್ನು ಹಾಕಿ ನಿಂತಿದ್ದಳು. ಅಂಗಡಿಗೆ ಬಂದವರು ಸಿನಿಮಾ ಹೇಗನಿಸಿತು ಎಂದು ಕೇಳಿದರೆ, ಅಡ್ಡಗೋಡೆಯ ಮೇಲೆ ದೀಪ ಇಡುವ ಜಾಯಮಾನದವಳಲ್ಲ, ಚೆನ್ನಾಗಿಲ್ಲ ಎಂದುಬಿಡುತ್ತಿದ್ದಳು. ಬಂದವರು ಬಟ್ಟೆ ಎಣಿಸುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು. ಇಸ್ಕೂಲ್ ಮೇಷ್ಟ್ರು ಅವಳಿಗೆ ಅರ್ಥವಾಗಿಲ್ಲವೆಂದು ಬಗೆದು, ಅಂಗಡಿಯ ಮುಂದೆ ನಿಂತೇ ಪಾಠ ಮಾಡಿದರು. ಕಿಟಕಿಯ ಬೆಳಕಿಗೊಂದು ಅರ್ಥ, ಖಾಲಿ ಕುರ್ಚಿಗೊಂದು ಅರ್ಥ, ಹೆಣದ ಮೂಗಿನ ಮೇಲೆ ಕೂತ ನೊಣಕ್ಕೆ ಎರಡು ಅರ್ಥ. ಎಲ್ಲ ಕೇಳಿಸಿಕೊಂಡು ಅವಳು ಮೇಷ್ಟ್ರ ಅಂಗಿಯ ಕಾಲರಿನಲ್ಲಿ ಬೇಕೆಂದೇ ಒಂದು ಸುಕ್ಕು ಉಳಿಸಿ ಮಡಚಿಕೊಟ್ಟಳು.

ಹೊರಗಿನವರನ್ನಾದರೂ ಸಹಿಸಬಹುದು. ಮನೆಯೊಳಗೆ ಅತ್ತೆ ಇದ್ದರು. ಹೆತ್ತ ಮಗನ ಸಾವನ್ನು ಆ ತಾಯಿ ಮೆಚ್ಚಿದಷ್ಟು ಇನ್ನಾರೂ ಮೆಚ್ಚಿರಲಿಲ್ಲ. ಮಧ್ಯಾಹ್ನದ ಆಟಕ್ಕೆ ಹೋಗಿ, ಮನಸಾರೆ ಅತ್ತು, ಹಗುರವಾಗಿ ಮನೆಗೆ ಬಂದು ಚಹಾ ಕುಡಿಯುತ್ತಿದ್ದರು. ಸೊಸೆಯ ಒಣ ಕಣ್ಣು ಕಂಡರೆ ಅವರಿಗೆ ತಡೆಯುತ್ತಿರಲಿಲ್ಲ.

“ನನ್ನ ಮಗ ಅಷ್ಟು ಚೆನ್ನಾಗಿ ಸತ್ತಿದಾನೆ. ನಿನ್ನ ಕೈಲಿ ಎರಡು ಹನಿ ಕಣ್ಣೀರು ಹಾಕೋಕಾಗಲ್ವೇನೇ?” ಎಂದರು ಒಂದು ದಿನ.

“ಅತ್ತೆ, ಅವರು ಒಳಗೆ ಊಟ ಮಾಡ್ತಿದಾರೆ.”

“ಅದು ಬೇರೆ ವಿಷಯ” ಎಂದರು ಅತ್ತೆ.

ಮೊದಮೊದಲು ಗಂಡನಿಗೂ ಇದೆಲ್ಲ ಕಿರಿಕಿರಿಯೇ ಆಗಿತ್ತು. ತರಕಾರಿ ತರಲು ಹೋದರೆ ಮಾರುವವಳು ತಕ್ಕಡಿ ಕೆಳಗಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದಳು. ವಿದ್ಯುತ್ ಕಚೇರಿಗೆ ಮೀಟರಿನ ದೂರು ಹೇಳಲು ಹೋದಾಗ ಗುಮಾಸ್ತ ಎದ್ದು ನಿಂತು, ನಿಮ್ಮನ್ನು ಹೀಗೆ ಓಡಾಡಿಕೊಂಡಿರುವುದನ್ನು ನೋಡಲು ನನ್ನಿಂದಾಗುವುದಿಲ್ಲ, ಮನೆಯವರು ಯಾರಾದರೂ ಇದ್ದರೆ ಕಳಿಸಿ ಎಂದು ಬಿಕ್ಕಿದ. ದೂರು ಅಲ್ಲೇ ಉಳಿಯಿತು. ಮನೆಗೆ ಬಂದು ಗಂಡ ಕೂಗಾಡಿದ. ಆ ಕೂಗಾಟ ಅವಳಿಗೆ ಎಷ್ಟು ಹಿತವಾಗಿತ್ತೆಂದು ಆಮೇಲೆ ಗೊತ್ತಾಯಿತು.

ಯಾಕೆಂದರೆ ಗಂಡ ಮೊದಲಿನಿಂದಲೂ ಮಾತಿನ ಮಲ್ಲ. ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ, ಚಹಾಕ್ಕೆ ಸಕ್ಕರೆ ಮೊದಲೋ ಹಾಲು ಮೊದಲೋ, ಟವೆಲ್ಲನ್ನು ಉದ್ದಕ್ಕೆ ಮಡಚಬೇಕೋ ಅಡ್ಡಕ್ಕೋ, ಪ್ರತಿಯೊಂದಕ್ಕೂ ಅವನದು ಒಂದು ವಾದ, ಅವಳದು ಇನ್ನೊಂದು. ಅಂಗಡಿಯಲ್ಲಿ ಉಸಿರು ಕಟ್ಟಿ ಕೂರುವವನು ಮನೆಗೆ ಬಂದು ಅದರ ಬಡ್ಡಿ ತೀರಿಸಿಕೊಳ್ಳುತ್ತಿದ್ದ. ಮಕ್ಕಳಿಲ್ಲದ ಮನೆ ಅದು. ಬಹಳ ವರ್ಷ ವೈದ್ಯರ ಬಾಗಿಲು ಕಾದು, ಆಮೇಲೆ ಆ ವಿಷಯವನ್ನು ಇಬ್ಬರೂ ಎತ್ತದೆ ಬಿಟ್ಟಿದ್ದರು. ಅದೊಂದನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಜಗಳವಾಡಿಕೊಂಡು ಇಬ್ಬರೂ ಮನೆ ತುಂಬಿಸಿಕೊಂಡಿದ್ದರು.

ಗಂಡ ಸಾವಿನ ರುಚಿ ಹಿಡಿದದ್ದು ಭಾವನವರ ದೆಸೆಯಿಂದ. ಗಂಡನ ಅಣ್ಣ ಯಾವುದೋ ಹಳೆಯ ಮನಸ್ತಾಪಕ್ಕೆ ಮಾತು ಬಿಟ್ಟವರು ಸಿನಿಮಾ ನೋಡಿ, ನೇರವಾಗಿ ಗಡಿಯಾರದ ಅಂಗಡಿಗೆ ಬಂದರು. ಅದು ಮಧ್ಯಾಹ್ನ, ಗಂಡ ಊಟ ಮುಗಿಸಿ ಬೆಂಚಿನ ಮೇಲೆ ಒರಗಿ ಕಣ್ಣು ಮುಚ್ಚಿದ್ದ. ಭಾವ ಅವನ ಕಾಲ ಬಳಿ ಕುಸಿದು ಕೂತು, ತಪ್ಪೆಲ್ಲ ನನ್ನದೇ, ನಿನ್ನಂಥ ತಮ್ಮ ಯಾರಿಗೂ ಸಿಗುವುದಿಲ್ಲ ಎಂದು ಗೋಳಾಡಿದರು. ತಮ್ಮ ಎಚ್ಚರವಾಗಿದ್ದ. ಆದರೂ ಕಣ್ಣು ತೆರೆಯಲಿಲ್ಲ. ಮರುದಿನ ಬೀದಿಯಲ್ಲಿ ಎದುರಾದಾಗ ಇವನು ಬಾಯಿತುಂಬ ‘ಅಣ್ಣಾ’ ಎಂದು ಕರೆದರೆ, ಅವರು ಮುಖ ತಿರುಗಿಸಿಕೊಂಡು ಆಚೆ ಬದಿಗೆ ದಾಟಿಹೋದರು. ಭಾವನವರು ರಾಜಿಯಾಗಿದ್ದು ಸತ್ತ ತಮ್ಮನ ಜೊತೆ, ಬದುಕಿದ್ದವನ ಜೊತೆಯಲ್ಲ.

ಅದಾದ ವಾರವೇ ಔಷಧಿ ಅಂಗಡಿಯ ಹುಡುಗಿ ಬಂದಳು. ಕೌಂಟರಿನಲ್ಲಿ ಮಾತ್ರೆ ಕತ್ತರಿಸಿ ಕೊಡುವವಳು. ಅಪ್ಪನೊಂದಿಗೆ ಜಗಳವಾಡಿ ಕೆಲಸಕ್ಕೆಂದು ಹೊರಟ ದಿನವೇ ಅವಳ ಅಪ್ಪ ತೀರಿಕೊಂಡಿದ್ದ. ಅಪ್ಪನ ಗಡಿಯಾರವನ್ನು ರಿಪೇರಿಗೆ ಕೊಟ್ಟು, ಹೋಗದೆ ನಿಂತು, ನಿಮ್ಮನ್ನೊಂದು ಸಲ ಅಪ್ಪ ಅಂತ ಕರೆಯಲೇ ಎಂದು ಕೇಳಿದಳು. ಗಡಿಯಾರದವನು ಬೆಂಚಿನ ಮೇಲೆ ಮಲಗಿ ಕಣ್ಣು ಮುಚ್ಚಿದ. ಅವಳು ಕರೆದಳು. ಹೇಳಬೇಕಾದ್ದನ್ನು ಹೇಳಿದಳು. ಹಲಗೆ ಗೋಡೆಯ ಈಚೆ ಇಸ್ತ್ರಿಯವಳಿಗೆ ಎಲ್ಲವೂ ಕೇಳಿಸಿತು. ಯಾರದೋ ಬಿಳಿ ಅಂಗಿಯ ತೋಳು ಸೀದುಹೋಯಿತು.

“ಅಪ್ಪ ಅಂದ್ಲು ಕಣೇ” ಎಂದ ಗಂಡ ಮನೆಗೆ ಬಂದು. ಅವನ ಧ್ವನಿ ಸಣ್ಣಗಾಗಿತ್ತು.

ಅವಳಿಗೆ ಸಂತೋಷವೂ ಆಯಿತು, ಸಂಕಟವೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಅವಳನ್ನು ಅಮ್ಮ ಎಂದು ಕರೆಯಲು ಯಾರೂ ಬಂದಿರಲಿಲ್ಲ. ಅಂದು ಅವಳು ತಟ್ಟೆ ಇಟ್ಟು ಊಟ ಬಡಿಸಿದಳು. ಅಂದೇ ಏನಾದರೂ ಹೇಳಬೇಕಿತ್ತು.

ಆ ಹುಡುಗಿ ಗೆಳತಿಗೆ ಹೇಳಿದಳು, ಗೆಳತಿ ಬ್ಯಾಂಕಿನವಳಿಗೆ ಹೇಳಿದಳು, ಬ್ಯಾಂಕಿನವಳು ಊರಿಗೇ ಹೇಳಿದಳು. ಅಪ್ಪನನ್ನು ಕಳೆದುಕೊಂಡವರು, ಅಪ್ಪನ ಜೊತೆ ಮಾತು ಬಿಟ್ಟವರು, ಅಪ್ಪ ಇದ್ದೂ ಅವನೆದುರು ಬಾಯಿ ಬಿಡಲಾಗದವರು, ಒಬ್ಬೊಬ್ಬರಾಗಿ ಗಡಿಯಾರದ ಅಂಗಡಿಗೆ ಬರತೊಡಗಿದರು. ಬೆಂಚಿನ ಮೇಲೆ ಬಿಳಿ ಹೊದಿಕೆ ಬಂತು. ಅದಕ್ಕೆ ಗಂಜಿ ಹಾಕಿ ಇಸ್ತ್ರಿ ಮಾಡಿಕೊಡು ಎಂದು ಗಂಡ ಅವಳನ್ನೇ ಕೇಳಿದ. ಅಂಗಡಿಯ ಮುಂದೆ ಸಾಲು ಬೆಳೆಯಿತು. ತಲೆ ನರೆತ ಮಗನೊಬ್ಬ, ನಿನ್ನ ಸೈಕಲ್ ಕದ್ದು ಮಾರಿದ್ದು ನಾನೇ ಅಪ್ಪಾ ಎಂದು ಒಪ್ಪಿಕೊಂಡು ಹೋದ. ಇನ್ನೊಬ್ಬ ದಿನವೂ ಬಂದು ಆಫೀಸಿನ ರಾಜಕೀಯ ಹೇಳಿಕೊಳ್ಳುತ್ತಿದ್ದ. ರಿಪೇರಿಗೆ ಬಂದ ಗಡಿಯಾರಗಳು ಗೋಡೆಯ ಮೇಲೆ ಒಂದೊಂದು ಹೊತ್ತು ತೋರಿಸುತ್ತ ನಿಂತವು. ಮೊದಲಾದರೆ ಒಂದು ದಿನ ತಡವಾದರೆ ಗಿರಾಕಿಗಳು ಕುತ್ತಿಗೆಗೆ ಬರುತ್ತಿದ್ದರು. ಈಗ, ನಿಧಾನವಾಗಿ ಮಾಡಿ, ನಿಮಗಿನ್ನೆಂಥ ಆತುರ ಎನ್ನುತ್ತಿದ್ದರು.

ಹಾಳಾಗಿ ಹೋಗಲಿ, ಅಂಗಡಿಯಲ್ಲಿ ಸತ್ತವನು ಮನೆಯಲ್ಲಾದರೂ ಬದುಕಬಹುದಿತ್ತು. ಬದುಕಲಿಲ್ಲ. ಮನೆಗೆ ಬಂದು ಉಂಡು, ಎದೆಯ ಮೇಲೆ ಕೈ ಜೋಡಿಸಿಕೊಂಡು ಮಂಚದ ಮೇಲೆ ಮಲಗಿಬಿಡುತ್ತಿದ್ದ. ನಲ್ಲಿ ಸೋರುತ್ತಿದೆ ಎಂದರೆ ಮುಖದಲ್ಲಿ ಶಾಂತಿ. ಸಾರಿಗೆ ಉಪ್ಪು ಹೆಚ್ಚಾಯಿತೇ ಎಂದರೆ ಶಾಂತಿ. ಅವಳು ಬೇಕೆಂದೇ ಕಿಟಕಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು, ಟವೆಲ್ಲನ್ನು ಅವನಿಗಾಗದ ರೀತಿಯಲ್ಲೇ ಮಡಚಿ ಕಣ್ಣೆದುರು ಇಟ್ಟಳು. ಅವನ ಹುಬ್ಬು ಕೂಡ ಕದಲಲಿಲ್ಲ. ಅಂಗಡಿಯ ಅಲಾರಂ ಗಡಿಯಾರಗಳನ್ನೆಲ್ಲ ಹೊತ್ತು ತಂದು ದಿಂಬಿನ ಸುತ್ತ ಜೋಡಿಸಿ ಒಟ್ಟಿಗೆ ಬಡಿಯಲು ಬಿಟ್ಟಳು. ಬೀದಿಯ ನಾಯಿಗಳೆಲ್ಲ ಬೊಗಳಿದವು. ಅವನು ಮಲಗಿಯೇ ಇದ್ದ. ಅತ್ತೆ ಬಾಗಿಲಲ್ಲಿ ನಿಂತು, ನೋಡು, ಕಲಾವಿದ ಅಂದ್ರೆ ಹೀಗಿರಬೇಕು ಎಂದು ಮೆಚ್ಚಿಕೊಂಡರು.

ಒಂದು ಸಂಜೆ ಇಸ್ತ್ರಿಪೆಟ್ಟಿಗೆ ಜಾರಿ ಅವಳ ಮುಂಗೈ ಸುಟ್ಟಿತು. ನೋವು ಅಷ್ಟೇನೂ ಇರಲಿಲ್ಲ, ಇಂಥವು ಎಷ್ಟೋ ಆಗಿಹೋಗಿದ್ದವು. ಆದರೂ ಯಾಕೋ ತಡೆಯಲಾರದೆ, ಮಂಚದ ಪಕ್ಕ ಕೂತು ಜೋರಾಗಿ ಅತ್ತಳು. ಮೊದಲಿನ ಗಂಡನಾಗಿದ್ದರೆ, ನೋಡಿಕೊಂಡು ಕೆಲಸ ಮಾಡುವುದಕ್ಕೇನು, ನಿನಗೆಷ್ಟು ಸಲ ಹೇಳಬೇಕು ಎಂದು ಬೈಯುತ್ತ ಮುಲಾಮು ಹುಡುಕುತ್ತಿದ್ದ. ಇವನು ಅತ್ಯಂತ ಪ್ರಸನ್ನವಾದ ಮುಖ ಮಾಡಿಕೊಂಡು ಕೇಳಿಸಿಕೊಂಡ. ಅವಳಿಗೆ ಮೊದಲ ಬಾರಿಗೆ ಭಯವಾಯಿತು. ಗಂಡ ಹೋಗಿಬಿಟ್ಟಿದ್ದಾನೆ, ತಾನು ವಿಧವೆಯಾಗಿದ್ದೇನೆ, ಊರಿಗೆಲ್ಲ ಗೊತ್ತಿದ್ದ ವಿಷಯ ತನಗೇ ಕೊನೆಗೆ ಗೊತ್ತಾಗುತ್ತಿದೆ ಎನಿಸಿತು.

ಅಷ್ಟರಲ್ಲಿ ಥಿಯೇಟರ್ ಮಾಲೀಕ ಮನೆಗೆ ಬಂದ. ಸಿನಿಮಾದ ಗೆಲುವಿಗೊಂದು ದೊಡ್ಡ ಸಮಾರಂಭ ಇಟ್ಟುಕೊಂಡಿದ್ದ. ಅಂದು ಗಡಿಯಾರದವನು ವೇದಿಕೆಯ ಮೇಲೆ ಎಲ್ಲರೆದುರು ಸತ್ತು ತೋರಿಸಬೇಕು. ಮರುದಿನದಿಂದ ಥಿಯೇಟರಿನ ಒಳಾಂಗಣದಲ್ಲಿ, ಟಿಕೆಟ್ ಕಿಟಕಿಯ ಎದುರಿಗೆ, ಗಾಜಿನ ಕೋಣೆಯಲ್ಲಿ ಅವನು ಖಾಯಮ್ಮಾಗಿ ಮಲಗಬೇಕು. ಬೆಳಗಿನ ಆಟದಿಂದ ಕೊನೆಯ ಆಟದವರೆಗೆ. ಗಡಿಯಾರದ ಅಂಗಡಿ ಮುಚ್ಚಬಹುದು. ಕೋಣೆ ಆಗಲೇ ಸಿದ್ಧವಾಗಿದೆ, ಫ್ಯಾನೂ ಹಾಕಿಸಿದ್ದೇನೆ ಎಂದ ಮಾಲೀಕ. ಸತ್ತವನಿಗೆ ಫ್ಯಾನು ಯಾಕೆಂದು ಅವಳು ಕೇಳಿದಳು. ನೊಣ ಕೂರದಿರಲಿ ಎಂದು, ಎಂದ ಅವನು.

ಮಾಲೀಕ ಹೋದ ಮೇಲೆ ಅವಳು ಬೈದಳು, ಗೋಗರೆದಳು, ಕೊನೆಗೆ ಕೈ ಹಿಡಿದುಕೊಂಡಳು. ಗಂಡ ಎಷ್ಟೋ ದಿನಗಳ ಮೇಲೆ ಒಂದು ಮಾತಾಡಿದ.

“ಊರಿಗೆ ನಾನು ಬೇಕು ಕಣೇ.”

“ನನಗೆ ಬೇಡ್ವಾ?”

ಅವನು ಕಣ್ಣು ಮುಚ್ಚಿಕೊಂಡ.

ಸಮಾರಂಭದ ದಿನ ಥಿಯೇಟರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ವೇದಿಕೆಯ ನಡುವೆ ಮಂಚ, ಮಂಚದ ಮೇಲೆ ಬಿಳಿ ಹೊದಿಕೆ, ಹೊದಿಕೆಯ ಮೇಲೆ ಗಂಡ. ಒಂದು ಬದಿಗೆ ನಿರ್ದೇಶಕ, ಮಗಳ ಪಾತ್ರ ಮಾಡಿದ ನಟಿ, ಎಂದೂ ಮೆಚ್ಚದೆ ಈ ಸಲ ಮೆಚ್ಚಿದ ವಿಮರ್ಶಕ. ಮುಂದಿನ ಸಾಲಿನಲ್ಲಿ ಅತ್ತೆ, ಭಾವ, ಮೇಷ್ಟ್ರು. ಔಷಧಿ ಅಂಗಡಿಯ ಹುಡುಗಿ ಪಕ್ಕದ ಗೋಡೆಗೆ ಒರಗಿ ನಿಂತಿದ್ದಳು. ಎಲ್ಲರ ಕೈಯಲ್ಲೂ ಮಡಚಿದ ಕರವಸ್ತ್ರ. ಭಾಷಣಗಳಾದವು. ನಿರ್ದೇಶಕ ಸಾವಿನ ಸೌಂದರ್ಯದ ಬಗ್ಗೆ ಮಾತಾಡಿ ತಾನೇ ಗದ್ಗದಿತನಾದ. ಕೊನೆಗೆ ಮಾಲೀಕ, ಕಲಾವಿದರ ಧರ್ಮಪತ್ನಿ ಎರಡು ಮಾತಾಡಬೇಕು ಎಂದು ಅವಳನ್ನು ಕರೆದ. ಇವಳು ಇಂದಾದರೂ ಅಳುತ್ತಾಳೆ ಎಂದು ಸಭೆ ಉಸಿರು ಬಿಗಿಹಿಡಿಯಿತು.

ಏನು ಹೇಳಬೇಕೆಂದು ಅವಳು ಯೋಚಿಸಿಕೊಂಡು ಬಂದಿರಲಿಲ್ಲ. ಗಂಡನ ಮುಖ ನೋಡಿದಳು. ಆ ಶಾಂತಿ ಕಂಡು ಮೈಯೆಲ್ಲ ಉರಿಯಿತು.

“ನನಗೆ ಈ ಸಿನಿಮಾ ಹಿಡಿಸಿಲ್ಲ” ಎಂದಳು ಮೈಕಿನಲ್ಲಿ. “ಅದರಲ್ಲೂ ಇವರು ಸತ್ತಿರೋ ಸೀನು ಬಹಳ ಕೆಟ್ಟದಾಗಿದೆ. ಇವರಿಗೆ ಸಾಯೋಕೆ ಬರಲ್ಲ.”

ಸಭೆಯಲ್ಲಿ ಗುಜುಗುಜು ಎದ್ದಿತು. ಅತ್ತೆ ತಲೆ ಮೇಲೆ ಕೈ ಹೊತ್ತರು. ಮಾಲೀಕ ಮೈಕಿನ ಕಡೆ ಕೈ ಚಾಚಿದ. ಆದರೆ ಅವಳು ಬೇರೊಂದನ್ನು ಗಮನಿಸಿದ್ದಳು. ಗಂಡನ ಎಡ ಹುಬ್ಬು ಒಂದು ಕೂದಲೆಳೆಯಷ್ಟು ಮೇಲೆ ಹೋಗಿತ್ತು. ಕಿಟಕಿಗೆ ಹೋಗದ ಹುಬ್ಬು, ಟವೆಲ್ಲಿಗೆ ಹೋಗದ ಹುಬ್ಬು, ಅಷ್ಟೊಂದು ಅಲಾರಂಗಳಿಗೆ ಹೋಗದ ಹುಬ್ಬು. ಊರೆಲ್ಲ ಹೊಗಳಿದ್ದನ್ನು ಕೇಳಿ ಕೇಳಿ ಮಲಗಿದ್ದವನ ಕಿವಿಗೆ ತನ್ನ ಸಾವಿನ ಬಗ್ಗೆ ಒಂದು ಕೊಂಕು ಮಾತು ಬಿದ್ದದ್ದು ಅದೇ ಮೊದಲು. ಮನೆಯಲ್ಲೂ ಅವಳು ಸಿನಿಮಾವನ್ನು ಬೈದಿದ್ದಳೇ ಹೊರತು ಅವನ ಕೆಲಸವನ್ನು ಬೈದಿರಲಿಲ್ಲ. ಅವಳು ಮೈಕನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

“ಇವರು ಸತ್ತ ಹಾಗೆ ಕಾಣಲ್ಲ, ಬ್ಯಾಂಕಲ್ಲಿ ಟೋಕನ್ ಹಿಡ್ಕೊಂಡು ಕೂತಿರೋ ಹಾಗೆ ಕಾಣ್ತಾರೆ. ಮೂಗು ನೋಡಿ. ಸತ್ತವರ ಮೂಗು ಹೀಗಿರುತ್ತಾ? ಕೈ ನೋಡಿ, ಈಗಲೂ ಚಿಮಟ ಹಿಡಿದಿರೋ ಹಾಗೇ ಇದೆ.”

ಎರಡನೇ ಹುಬ್ಬೂ ಮೇಲೆ ಹೋಯಿತು. ಕಿವಿಯ ತುದಿ ಕೆಂಪಾಯಿತು. ಇಷ್ಟು ಹೊತ್ತೂ ಬಾಯಿಗೆ ಬಂದದ್ದನ್ನು ಹೇಳುತ್ತಿದ್ದವಳಿಗೆ ಈಗ ಒಳಗೆ ಕೊಳೆಯುತ್ತಿದ್ದ ಮಾತೇ ಬಂತು.

“ಪಕ್ಕದಲ್ಲಿ ಮಗಳು ಕೂತು ಅಳ್ತಾಳೆ. ಅಷ್ಟು ಹೊತ್ತು ಅಳ್ತಾಳೆ. ಇವರು ಮಲಗೇ ಇರ್ತಾರೆ. ತನ್ನೋರು ಪಕ್ಕದಲ್ಲಿ ಕೂತು ಅಳ್ತಿದ್ರೆ ಎಂಥೋನಾದ್ರೂ ಎದ್ದು ಕೂತ್ಕೋತಾನೆ. ಸತ್ತಿದ್ರೂ ಎದ್ದು ಕೂತ್ಕೋತಾನೆ. ನೀವು ಏಳಲಿಲ್ಲ. ಆ ಸಿನಿಮಾದಲ್ಲೂ ಏಳಲಿಲ್ಲ, ನಾನು ಅತ್ತಾಗಲೂ ಏಳಲಿಲ್ಲ. ಇದೂ ಒಂದು ನಟನೆನಾ? ಥೂ.”

ಗಂಡ ಎದ್ದು ಕೂತ.

ಎದ್ದು ಕೂತು, ಬಿಳಿ ಹೊದಿಕೆಯನ್ನು ಕಾಲಿನಿಂದ ಒದ್ದು, ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು, ಮೈಕೂ ಬೇಡದಷ್ಟು ದೊಡ್ಡ ಧ್ವನಿಯಲ್ಲಿ, “ಅಲ್ವೇ, ಸತ್ತೋನು ಏಳೋದು ಹೇಗೆ? ಸ್ವಲ್ಪನಾದ್ರೂ ತಲೆ ಇದೆಯೇನೇ ನಿನಗೆ? ಸತ್ತ ಮೇಲೆ ಏಳೋಕಾಗಲ್ಲ, ಅದೇ ಸಾವು!” ಎಂದು ಅವಳ ಮೇಲೆ ಎಗರಿದ.

“ಯಾಕಾಗಲ್ಲ?” ಎಂದಳು ಅವಳು. ಅವಳ ಕಣ್ಣಿನಿಂದ ನೀರು ಇಳಿಯತೊಡಗಿತ್ತು.

ಸಾವೆಂದರೆ ಏನೆಂದು ಅವನು ವಿವರಿಸಿದ. ಮಂಚದಿಂದ ಇಳಿದು, ವೇದಿಕೆಯ ಮೇಲೆ ಅತ್ತಿಂದಿತ್ತ ಓಡಾಡುತ್ತ ವಿವರಿಸಿದ. ಸತ್ತವನ ಕೈ ಹೇಗಿರುತ್ತದೆ, ತಾನು ಹೇಗಿಟ್ಟಿದ್ದೆ, ಮೂಗು ಯಾಕೆ ಹಾಗೆಯೇ ಇರಬೇಕು, ಉಸಿರನ್ನು ಹೊಟ್ಟೆಯಲ್ಲಿ ಹಿಡಿಯುವುದಕ್ಕೂ ಎದೆಯಲ್ಲಿ ಹಿಡಿಯುವುದಕ್ಕೂ ಏನು ವ್ಯತ್ಯಾಸ, ಎಲ್ಲವನ್ನೂ ಹೇಳಿದ. ಬೇಕಿದ್ದರೆ ಇವರನ್ನು ಕೇಳು ಎಂದು ವಿಮರ್ಶಕನನ್ನು ತೋಳು ಹಿಡಿದು ಮುಂದಕ್ಕೆ ಎಳೆದ. ವಿಮರ್ಶಕ ತೋಳು ಬಿಡಿಸಿಕೊಂಡು ಹಿಂದಕ್ಕೆ ಸರಿದ. ಅವನು ಜೀವಮಾನದಲ್ಲಿ ಒಂದೇ ಒಂದು ಸಾವನ್ನು ಮೆಚ್ಚಿದ್ದ, ಅದೂ ಎದ್ದು ಓಡಾಡುತ್ತಿತ್ತು.

ಸಭೆಗೆ ಮೊದಲು ದಿಗ್ಭ್ರಮೆ, ಆಮೇಲೆ ಸಿಟ್ಟು. ತಮ್ಮ ಅಪ್ಪ ತಮ್ಮ ಕಣ್ಣೆದುರೇ ಹೀಗೆ ಬದುಕಿಬಿಟ್ಟದ್ದು ಅವರಿಗೆ ಸಹಿಸಲಾಗಲಿಲ್ಲ. ಸೈಕಲ್ ಕದ್ದವನು ಮೆಲ್ಲಗೆ ಬಾಗಿಲ ಕಡೆ ಸರಿದ. ಭಾವನವರು, ಇವನು ಚಿಕ್ಕಂದಿನಿಂದಲೂ ಮೋಸಗಾರನೇ ಎಂದು ಪಕ್ಕದವರಿಗೆ ಹೇಳುತ್ತ ಎದ್ದುಹೋದರು. ಅತ್ತೆ ಮಾತ್ರ ಎದ್ದು ನಿಂತು, ಎರಡೂ ಕೈ ಬೀಸುತ್ತ, “ಮಲಗೋ, ಮಲಗೋ, ಜನ ನೋಡ್ತಿದಾರೆ!” ಎಂದು ಕೂಗುತ್ತಿದ್ದರು. ಮಗನಿಗೆ ಕೇಳಿಸಲೇ ಇಲ್ಲ. ಅವನಿಗೆ ಹೆಂಡತಿ ಹೇಳಿದ ಇನ್ನೊಂದು ತಪ್ಪು ನೆನಪಾಗಿತ್ತು.

“ಬ್ಯಾಂಕಲ್ಲಿ ಕೂತಿರೋ ಹಾಗೆ ಅಂದೆಯಲ್ಲ, ಬ್ಯಾಂಕಲ್ಲಿ ಯಾರು ಕಣ್ಣು ಮುಚ್ಕೊಂಡು ಕೂರ್ತಾರೆ? ಹೇಳು ನೋಡೋಣ.”

“ಎಲ್ಲಾರೂ ಕೂರ್ತಾರೆ” ಎಂದು ಅವಳು ಮೆಟ್ಟಿಲಿಳಿದಳು. ಅವನು ಬೆನ್ನುಹತ್ತಿದ. ಇಬ್ಬರೂ ಸಭೆಯ ನಡುವೆಯೇ ವಾದಿಸುತ್ತ ಹಾದು, ಒಳಾಂಗಣದ ಗಾಜಿನ ಕೋಣೆಯನ್ನು ದಾಟಿ ಬೀದಿಗೆ ಬಂದರು. ಕೋಣೆಯ ಫ್ಯಾನು ಬರಿದೇ ತಿರುಗುತ್ತಿತ್ತು.

ಬೀದಿಯ ತಿರುವಿನಲ್ಲಿ ಔಷಧಿ ಅಂಗಡಿಯ ಹುಡುಗಿ ಹಿಂದಿನಿಂದ ಓಡಿಬಂದಳು. ಅವಳ ಕಣ್ಣು ಕೆಂಪಾಗಿದ್ದವು. ಅಪ್ಪ ಎಂದು ಕರೆಯಬೇಕೋ ಬೇಡವೋ ಎಂದು ಒಂದು ಕ್ಷಣ ತಡವರಿಸಿ, “ಅಪ್ಪಾ, ಅವರು ಹೇಳಿದ್ರಲ್ಲೂ ಒಂದು ನ್ಯಾಯ ಇದೆ” ಎಂದಳು. ಗಡಿಯಾರದವನು ಗಕ್ಕನೆ ನಿಂತ. ನೀನೂ ಅವಳ ಕಡೆ ಸೇರಿಕೊಂಡೆಯಾ, ನಿನಗೆ ಸಿನಿಮಾದ ಗಂಧಗಾಳಿ ಗೊತ್ತಿದೆಯಾ, ಅಷ್ಟಕ್ಕೂ ಈ ಬಿಸಿಲಲ್ಲಿ ಹೀಗೆ ಓಡಿಬರುವ ಅಗತ್ಯವೇನಿತ್ತು ಎಂದು ಅವಳನ್ನೂ ಬೈದ. ಹುಡುಗಿ ತಲೆ ತಗ್ಗಿಸಿಕೊಂಡು ಬೈಸಿಕೊಂಡಳು. ಆಮೇಲೆ ಅಲ್ಲಿಂದ ತನ್ನ ಮನೆಗೆ ಹೋಗದೆ, ಇಸ್ತ್ರಿಯವಳ ಪಕ್ಕಕ್ಕೆ ಬಂದು ಅವರ ಜೊತೆಗೇ ನಡೆಯತೊಡಗಿದಳು. ಇಸ್ತ್ರಿಯವಳು ಅವಳ ಕೈ ಹಿಡಿದುಕೊಂಡಳು.

ದಾರಿಯುದ್ದಕ್ಕೂ ಅವನು ನಿಲ್ಲಿಸಲಿಲ್ಲ. ನಿಜ ಹೇಳಬೇಕೆಂದರೆ ಅವನು ಹೇಳುತ್ತಿದ್ದುದರಲ್ಲಿ ಬಹುಪಾಲು ಸರಿಯೇ ಇತ್ತು. ಸತ್ತವರು ಏಳುವುದಿಲ್ಲ ಎಂಬುದು ಅವಳಿಗೇನು ಗೊತ್ತಿಲ್ಲವೇ? ಆದರೆ ಒಂದೇ ಒಂದು ಮಾತಿಗೆ ಹೂಂ ಎಂದರೂ ಇವನು ಮತ್ತೆ ಮಲಗಿಬಿಡುತ್ತಾನೆ ಎಂದು ಅವಳಿಗೆ ಜೀವ ಪುಕಪುಕ ಎನ್ನುತ್ತಿತ್ತು. ಹಾಗಾಗಿ ಮನೆಯ ಬೀಗ ತೆಗೆಯುತ್ತ, ಅವನಿಗೆ ಬೆನ್ನು ಹಾಕಿ ಕಣ್ಣೊರೆಸಿಕೊಂಡು, “ನೀವು ಏನೇ ಹೇಳಿ, ನನಗಂತೂ ಹಿಡಿಸಲಿಲ್ಲ” ಎಂದಳು.

“ಯಾಕೆ ಹಿಡಿಸಲಿಲ್ಲ, ಅದನ್ನ ಹೇಳು” ಎಂದು ಅವನು ಚಪ್ಪಲಿ ಬಿಡುವುದನ್ನೂ ಮರೆತು ಅವಳ ಹಿಂದೆಯೇ ಒಳಗೆ ಬಂದ.